ಮೊದಲು ಮನೆಗೆ, ಆಮೇಲೆ ಪೇಪರಿಗೆ

ಉರಿಗಾಂನ ಗಣಿ ಕಾರ್ಮಿಕರ ಲೈನುಮನೆಗಳ ನಡುವೆ ಅವರು ಕೋಟು ತೊಟ್ಟು ನಡೆದು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಜಗಳವಾಡುತ್ತಿದ್ದವರೂ ಬಾಯಿ ಮುಚ್ಚಿ, ಅವರು ಯಾವ ಬಾಗಿಲ ಮುಂದೆ ನಿಲ್ಲುತ್ತಾರೋ ಎಂದು ನೋಡುತ್ತಿದ್ದರು. ತಮ್ಮ ಬಾಗಿಲು ದಾಟಿ ಮುಂದೆ ಹೋದರೆ ಉಸಿರು ಬಿಡುತ್ತಿದ್ದರು, ಹಾಗೆ ಉಸಿರು ಬಿಟ್ಟಿದ್ದಕ್ಕೆ ಮರುಕ್ಷಣವೇ ನಾಚಿಕೊಂಡು, ಅವರು ನಿಂತ ಬಾಗಿಲ ಕಡೆ ಓಡುತ್ತಿದ್ದರು. ಅದಕ್ಕೇ ಸುಮ್ಮನೆ ಯಾರನ್ನೋ ಮಾತಾಡಿಸಲು ಲೈನಿಗೆ ಹೋಗಬೇಕಾದಾಗ ಅವರು ಕೋಟು ಬಿಚ್ಚಿ, ದೂರದಿಂದಲೇ ಕಾಣುವ ಹಾಗೆ ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದರು. ಕೋಟು ತೋಳಿನ ಮೇಲಿದ್ದರೆ ಯಾರೂ ಸತ್ತಿಲ್ಲ ಎಂದರ್ಥ. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಆದರೆ ಲೈನಿನ ಮಕ್ಕಳಿಗೂ ಗೊತ್ತಿತ್ತು. ಚಳಿಗಾಲದ ಬೆಳಿಗ್ಗೆ ಆ ಮನುಷ್ಯ ಗಡಗಡ ನಡುಗುತ್ತ ಕೋಟು ಹೊತ್ತುಕೊಂಡು ಹೋಗುವುದನ್ನು ನೋಡಿದರೆ ನನಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು.

ಅವರು ಗಣಿ ಆಫೀಸಿನಲ್ಲಿ ಪತ್ರಿಕೆಯವರಿಗೆ ಸುದ್ದಿ ಕೊಡುವ ಅಧಿಕಾರಿ. ವರ್ಷದ ಬಹುಪಾಲು ದಿನ ಅದು ಬಹಳ ಸಪ್ಪೆ ಕೆಲಸ. ಯಾವ ಮಂತ್ರಿ ಗಣಿ ನೋಡಲು ಬಂದರು, ಕ್ಲಬ್ಬಿನ ಪಂದ್ಯದಲ್ಲಿ ಯಾರು ಗೆದ್ದರು, ಆಸ್ಪತ್ರೆಗೆ ಹೊಸ ವಾರ್ಡು ಯಾವಾಗ ಆಗುತ್ತದೆ, ಇಂಥವನ್ನು ಟೈಪು ಮಾಡಿಸಿ ಕಳಿಸುವುದು. ಆದರೆ ನೆಲದ ಆಳದಲ್ಲಿ ಬಂಡೆ ಸಿಡಿದ ದಿನ ಇಡೀ ಗಣಿಯ ಬಾಯಿ ಅವರೊಬ್ಬರೇ. ಚಿನ್ನದ ಗಣಿಯ ಊರುಗಳಲ್ಲಿ ಸಣ್ಣ ಸಿಡಿತಕ್ಕೆ ಯಾರೂ ಊಟ ಬಿಟ್ಟು ಏಳುತ್ತಿರಲಿಲ್ಲ. ಗೂಡಿನ ಮೇಲಿನ ಲೋಟ ಗಿಲಿಗಿಲಿ ಅಂದರೆ ಕೈಯಿಂದ ಹಿಡಿದು ನಿಲ್ಲಿಸಿ ಮತ್ತೆ ಮುದ್ದೆ ಮುರಿಯುತ್ತಿದ್ದರು. ಲೋಟ ಬಿದ್ದು, ಅದರ ಹಿಂದೆಯೇ ಸೈರನ್ ಕೂಗಿದರೆ ಮಾತ್ರ ಹೆಂಗಸರು ಬಾಚಣಿಗೆಯನ್ನು ತಲೆಯಲ್ಲೇ ಸಿಕ್ಕಿಸಿಕೊಂಡು ಗಣಿಗಿಳಿಯುವ ಶಾಫ್ಟಿನ ಗೇಟಿಗೆ ಓಡುತ್ತಿದ್ದರು.

ನಾನು ಬಂಗಾರಪೇಟೆ ಸ್ಟೇಷನ್ನಿನ ಎದುರು ಪೇಪರ್ ಏಜೆಂಟ್. ಆ ಕಾಲಕ್ಕೆ ಪೇಪರ್ ಮಾರುವವನೇ ಊರಿನ ವರದಿಗಾರನೂ ಹೌದು. ಸಂಜೆ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ ಸುದ್ದಿ ಹೇಳಬೇಕು, ಬೆಳಿಗ್ಗೆ ರೈಲಿನಲ್ಲಿ ಬಂದ ಕಟ್ಟು ಬಿಚ್ಚಿ ಅದೇ ಸುದ್ದಿಯನ್ನು ಮಾರಬೇಕು. ಅನಾಹುತದ ಮರುದಿನ ಬೆಂಗಳೂರಿನವರು ಕೇಳದೆಯೇ ಹೆಚ್ಚು ಪ್ರತಿ ಕಳಿಸುತ್ತಿದ್ದರು, ಅಷ್ಟೂ ಖರ್ಚಾಗುತ್ತಿತ್ತು. ಅಂಥ ದಿನ ಅವರು ಅಂಗಡಿಯ ಮುಂದೆ ಬಂದು ನಿಂತು ಕಟ್ಟಿನ ಕಡೆ ನೋಡಿ, "ಏಜೆಂಟ್ರೇ, ಇವತ್ತು ದಪ್ಪಗೈತೆ" ಅನ್ನುತ್ತಿದ್ದರು. ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಅವರು ಬೈಯುತ್ತಿರಲಿಲ್ಲ, ಒಂದು ಪ್ರತಿ ತಗೊಂಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು.

ಅವರಿಗೆ ಒಂದೇ ನಿಯಮ. ಸತ್ತವರ ಹೆಸರು ಮೊದಲು ಮನೆಗೆ, ಆಮೇಲೆ ಪೇಪರಿಗೆ. ಈ ನಿಯಮ ಆಫೀಸಿನ ಯಾವ ಆದೇಶದಲ್ಲೂ ಇರಲಿಲ್ಲ. ಅವರಾಗಿ ಮಾಡಿಕೊಂಡದ್ದು. ಅದಕ್ಕೆ ಕಾರಣವಾದ ಕತೆಯನ್ನು ಅವರೇ ನನಗೆ ಹೇಳಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಿಡಿತವಾಗಿ, ಗುರುತು ಸಿಗದ ಒಂದು ಹೆಣ ಮೇಲೆ ಬಂತು. ಸೊಂಟದಲ್ಲಿ ಹಿತ್ತಾಳೆ ಬಿಲ್ಲೆ ಇತ್ತು. ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರು ಹಾಕಿದ ಬಿಲ್ಲೆ ಕೊಡುತ್ತಿದ್ದರಲ್ಲ, ಅದು. ನಂಬರು ನೋಡಿ ಇವರು ಹೆಸರು ಬರೆದು ಗೇಟಿನಲ್ಲಿ ಅಂಟಿಸಿದರು, ಪೇಪರಿನವರಿಗೂ ಹೇಳಿಬಿಟ್ಟರು. ಆ ಮನೆಯಲ್ಲಿ ಹೆಂಡತಿ ಬಳೆ ಒಡೆದುಕೊಂಡಳು. ಸಂಜೆಯ ಬಸ್ಸಿನಲ್ಲಿ ಸತ್ತವನೇ ಇಳಿದು ಬಂದ! ಬೇತಮಂಗಲದಲ್ಲಿ ನೆಂಟರ ಮನೆಯ ಮದುವೆಗೆ ಹೋಗಿದ್ದನಂತೆ. ರಜ ಸಿಗದೆ ತನ್ನ ಬಿಲ್ಲೆಯನ್ನು ಚಿಕ್ಕಪ್ಪನ ಮಗನ ಕೈಗೆ ಕೊಟ್ಟು, "ನನ್ ಪಾಳಿ ನೀನ್ ಮಾಡ್ಲಾ, ನಾಳೆ ನಿಂದು ನಾನ್ ಮಾಡ್ತೀನಿ" ಅಂದು ಹೋಗಿದ್ದ. ಗಣಿಯಲ್ಲಿ ಅಣ್ಣತಮ್ಮಂದಿರು ಹೀಗೆ ಬಿಲ್ಲೆ ಬದಲಾಯಿಸಿಕೊಳ್ಳುವುದು ಮೇಸ್ತ್ರಿಗಳಿಗೆಲ್ಲ ಗೊತ್ತಿತ್ತು, ಆಫೀಸಿಗೆ ಮಾತ್ರ ಗೊತ್ತಿರಲಿಲ್ಲ.

"ಸತ್ತೋನು ಬದುಕ್ ಬಂದ ಅಂತ ಲೈನೆಲ್ಲ ಕುಣೀತು ಏಜೆಂಟ್ರೇ," ಎಂದರು ಅವರು. "ಅಂಗಾರೆ ಆ ಬಿಲ್ಲೆ ಕಟ್ಕಂಡ್ ಓಗಿದ್ದೋನು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಅವ್ನ ಮನೇಲಿ ಸಾರು ಕಾಯ್ಸಿ ಇಟ್ಕಂಡು ಕೂತಿದ್ಲು ಅವ್ನ ಹೆಂಡ್ತಿ, ಚಿಕ್ ಹುಡ್ಗಿ. ಪಕ್ಕದ ಬೀದೀಲಿ ಏನೋ ಒಳ್ಳೇದಾಗೈತೆ ಅಂತ ನಗ್ತಾ ಬಾಗ್ಲು ತೆಗದ್ಲು."

ಅಂದಿನಿಂದ ಮುಖ ಕಂಡವರು ಬಂದು ಹೌದು ಅನ್ನುವ ತನಕ, ತಾನು ಆ ಮನೆಯ ಹೊಸಿಲು ಕಂಡು ಬರುವ ತನಕ ಅವರ ಬಾಯಿಂದ ಹೆಸರು ಹೊರಡುತ್ತಿರಲಿಲ್ಲ. ಬೆಂಗಳೂರು, ಮದರಾಸುಗಳಿಂದ ಬಂದ ವರದಿಗಾರರಿಗೆ ಇದು ಮಹಾ ಕಿರಿಕಿರಿ. ಎಷ್ಟು ಜನ ಎಂದು ಕನ್ನಡದಲ್ಲಿ ಕೇಳಿದರೆ "ಗೊತ್ತಿಲ್ಲ", ತಮಿಳಿನಲ್ಲಿ ಕೇಳಿದರೆ "ತೆರಿಯಾದು", ತೆಲುಗಿನಲ್ಲಿ ಕೇಳಿದರೆ "ತೆಲೀದು". ಆ ಮೂರನ್ನೂ ಒಂದೇ ದನಿಯಲ್ಲಿ, ಎದುರಿನವನ ಮುಖ ನೋಡಿಕೊಂಡೇ ಹೇಳುತ್ತಿದ್ದರು. ಬಂಗಾರಪೇಟೆ ಸಂತೆಯಲ್ಲಿ ನೂರಾರು ಜನ ಹೋದರಂತೆ ಎಂಬ ಗುಲ್ಲು ಎದ್ದರೆ, ನನಗೆ ಫೋನು ಮಾಡಿ, "ನಿಮ್ಮ ಅಂಗಡಿ ಬೋರ್ಡಿನ ಮೇಲೆ ಬರೀರಿ: ಇನ್ನೂ ಗೊತ್ತಾಗಿಲ್ಲ, ಗೊತ್ತಾದ ಮೇಲೆ ಇಲ್ಲೇ ಬರೀತೀವಿ" ಅನ್ನುತ್ತಿದ್ದರು. ಇದೇನು ಸುದ್ದಿ ಸ್ವಾಮಿ ಅಂದರೆ, "ಇವತ್ತಿಗೆ ಇರೋದು ಇದೊಂದೇ ನಿಜ" ಅನ್ನುತ್ತಿದ್ದರು. ಆಶ್ಚರ್ಯವೆಂದರೆ ಜನ ಆ ಬೋರ್ಡು ಓದಿ ಸುಮ್ಮನೆ ಮನೆಗೆ ಹೋಗುತ್ತಿದ್ದರು. ಇನ್ನೊಂದು ಗಂಟೆ ಬಿಟ್ಟು ಮತ್ತೆ ಬಂದು ಓದುತ್ತಿದ್ದರು.

ಪತ್ರಿಕೆಯವರನ್ನು ಅವರು ಕೂರಿಸುತ್ತಿದ್ದ ಕೋಣೆಯ ಕಿಟಕಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಗಿತ್ತು. ಬೇಕಾದಷ್ಟು ಚಹಾ, ಬಿಸ್ಕತ್ತು, ಸಿಗರೇಟು. ಗೇಟಿನ ಕಡೆಯ ಕಿಟಕಿ ಬೇಕು, ಹೆಂಗಸರ ಫೋಟೋ ತೆಗೆಯಬೇಕು ಎಂದು ಒಬ್ಬ ಕೂಗಾಡಿದಾಗ, "ದಿಬ್ಬ ತೆಗೀರಿ, ಚೆನ್ನಾಗೈತೆ" ಎಂದು ಅವನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ತಮ್ಮ ಮೇಲಿನವರ ಜೊತೆಗೂ ಅಷ್ಟೇ. ಹೇಳಿಕೆಯ ಮೊದಲ ಸಾಲು "ಅತೀವ ದುಃಖದಿಂದ ತಿಳಿಸುತ್ತೇವೆ" ಎಂದಿದ್ದರೆ ಅದನ್ನು ಹೊಡೆದುಹಾಕುವುದು ಅವರ ಅಭ್ಯಾಸ. ದುಃಖ ಪಡುವವರು ಗೇಟಿನ ಹತ್ತಿರ ನಿಂತಿದ್ದಾರೆ, ನಾವು ವಿಷಯ ಹೇಳಿದರೆ ಸಾಕು ಎನ್ನುವುದು ಅವರ ವಾದ. ಬಿಳಿ ದೊರೆಗಳಿದ್ದಾಗಲೂ ಇದೇ ಜಗಳ, ಅವರು ಹೋಗಿ ನಮ್ಮವರು ಬಂದು ಕುರ್ಚಿಯಲ್ಲಿ ಕೂತ ಮೇಲೂ ಇದೇ ಜಗಳ. ಪ್ರತಿ ಸಲ ಗೆದ್ದರೂ ಗೆದ್ದವರ ಮುಖ ಅವರದಾಗಿರಲಿಲ್ಲ. ಬಹಳ ದೂರ ನಡೆದು ಬಂದವರಂತೆ ಕುರ್ಚಿಯಲ್ಲಿ ಕುಸಿದು ಬೂಟಿನ ದಾರ ಸಡಿಲಿಸುತ್ತಿದ್ದರು.

ಇಂಥ ಮನುಷ್ಯ ಲೈನಿನಲ್ಲಿ ಧೈರ್ಯವಾಗಿ ಉಂಡು ಬರುತ್ತಿದ್ದ ಮನೆ ಒಂದೇ, ಅವರ ಅಕ್ಕನದು. ಬೇರೆ ಯಾರೂ ಅವರನ್ನು ಮದುವೆಗೆ, ನಾಮಕರಣಕ್ಕೆ ಕರೆಯುತ್ತಿರಲಿಲ್ಲ. ಕರೆಯಬಾರದೆಂದಲ್ಲ, ಶುಭ ಕಾರ್ಯದ ಬಾಗಿಲಿಗೆ ಅವರು ಬಂದು ನಿಲ್ಲುವುದನ್ನು ನೆನೆದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತಿತ್ತು. ಅಕ್ಕ ವೆಂಕಟಮ್ಮ, ತಾಯಿ ಇಲ್ಲದ ಇವರನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಗಂಡ ಗಣಿಯಲ್ಲಿ ದುಡಿದು ಕೆಮ್ಮಿ ಕೆಮ್ಮಿ ತೀರಿಕೊಂಡಾಗ, ಒಬ್ಬನೇ ಮಗ ಮುನಿರಾಜುವಿಗೆ ಕೆಲಸ ಕೊಡಿಸಿದ್ದು ಇವರೇ. ಭಾನುವಾರ ನಾನೂ ಅವರ ಜೊತೆ ಒಂದೆರಡು ಸಲ ಅಲ್ಲಿ ಉಂಡಿದ್ದೇನೆ. ಅವರು ಬಾಗಿಲಲ್ಲಿ ಕಂಡ ಕೂಡಲೇ ಅಕ್ಕ ಒಲೆಯ ಮುಂದಿನಿಂದಲೇ, "ಬಾರ್ಲಾ, ಆ ಕೋಟು ಗೂಟಕ್ ಆಕು, ಎಲ್ರನ್ನೂ ಎದ್ರಿಸ್ತೀಯ" ಎಂದು ನಗುತ್ತಿದ್ದಳು. ಅವಳೊಬ್ಬಳು ಆ ಕೋಟಿನ ವಿಷಯ ಎತ್ತಿ ತಮಾಷೆ ಮಾಡಬಲ್ಲವಳು. ಇವರು ಚಕ್ಕಂಬಕ್ಕಲ ಹಾಕಿ ಕೂತು, ಮಗುವಿನ ಹಾಗೆ ಎರಡು ಮುದ್ದೆ ನುಂಗುತ್ತಿದ್ದರು.

ದೊಡ್ಡ ಸಿಡಿತ ಆದದ್ದು ಒಂದು ಬೇಸಿಗೆಯಲ್ಲಿ, ಬೆಳಗಿನ ಪಾಳಿ ಇಳಿದ ಸ್ವಲ್ಪ ಹೊತ್ತಿಗೆ. ನಮ್ಮ ಬಂಗಾರಪೇಟೆಯಲ್ಲೇ ಕಪಾಟಿನ ಗಾಜು ಅದುರಿತು. ನಾನು ಸಿಕ್ಕ ರೈಲು ಹತ್ತಿ ಹೋದೆ. ಗೇಟಿನಲ್ಲಿ ಹೆಂಗಸರ ಗುಂಪಿನ ಮುಂದೆಯೇ ವೆಂಕಟಮ್ಮ ನಿಂತಿದ್ದಳು. ಮುನಿರಾಜು ಕೆಳಗಿದ್ದ. ಆ ದಿನವೆಲ್ಲ ಯಾರೂ ಮೇಲೆ ಬರಲಿಲ್ಲ. ಅಕ್ಕ ಗೇಟಿನ ಕಂಬಿ ಬಿಡಲಿಲ್ಲ, ಬಾಯಿಗೆ ನೀರೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಬಿಸಿಲಿಗೆ ಅವಳು ಅಲ್ಲೇ ಕುಸಿದಾಗ ಇವರು ಬಂದು ಎಬ್ಬಿಸಿ ಕೂರಿಸಿದರು.

"ಮನೆಗೋಗಕ್ಕ."

"ಮಗ ಬರ್ದೆ ನಾನ್ಯಾಕ್ ಓಗ್ಲಿ?"

"ಏನೇ ಆಗ್ಲಿ, ನಾನೇ ಬಂದು ಯೋಳ್ತೀನಿ. ಬೇರೆ ಒಬ್ರ ಬಾಯಾಗೂ ನೀನು ಕೇಳ್ಬಾರ್ದು. ನನ್ನಾಣೆ. ಓಗಿ ಒಂದ್ ಗಳಿಗೆ ಮಲಿಕ್ಕ."

ಅವಳು ತಮ್ಮನ ಮುಖ ನೋಡಿದಳು. ಲೈನಿನ ಯಾರಿಗೆ ಅವರ ಮಾತು ಗೊತ್ತಿಲ್ಲ? ಎದ್ದು, ಸೆರಗು ಕೊಡವಿಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಹೆಣಗಳು ಬರಲು ಶುರುವಾದವು. ಮೊದಲು ಬಂದವರಲ್ಲಿ ಮುನಿರಾಜು ಇದ್ದ. ಗುರುತು ಹಿಡಿಯಲು ಬೇರೆಯವರು ಬೇಕಾಗಲಿಲ್ಲ. ಇವರು ಶಾಫ್ಟಿನ ಕಡೆಯಿಂದ ಹೊರಗೆ ಬಂದಾಗ ನಾನು ಎದುರಿಗೇ ಇದ್ದೆ. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಯಾರು ಎಂದು ಕೇಳಿದೆ. "ಮನೆಗಳ್ಗೆ ಓಗ್ಬೇಕು" ಎಂದಷ್ಟೇ ಹೇಳಿ, ಮೇಸ್ತ್ರಿಯೊಬ್ಬನನ್ನು ಕರೆದುಕೊಂಡು ಹೊರಟರು. ನಾನೂ ದೂರದಲ್ಲಿ ಹಿಂಬಾಲಿಸಿದೆ. ಬೀದಿಯ ಮೊದಲ ತನಕ ಬರಲು ನನಗೆ ಮಾತ್ರ ಅವರು ಬಿಡುತ್ತಿದ್ದರು.

ಗೇಟಿನಿಂದ ಹೊರಟರೆ ಮೊದಲು ಸಿಗುವುದು ಅಕ್ಕನ ಬೀದಿ. ಅವರು ಅದರ ಮುಂದೆಯೇ ಹಾದು, ಆ ತುದಿಯ ಲೈನಿಗೆ ಹೋದರು. ಮೇಸ್ತ್ರಿ ಏನೋ ಹೇಳಲು ಹೋದ. "ಸ್ವಂತದೋರಿಗೆ ಮೊದ್ಲು ಯೋಳ್ದ ಅಂತ ಅನ್ನಿಸ್ಕಳ್ಳಾ? ಬೇರೆಯೋರ್ದೆಲ್ಲ ಆಗ್ಲಿ" ಎಂದರು. ಒಂದು ಮನೆ, ಇನ್ನೊಂದು ಮನೆ. ಪ್ರತಿ ಬಾಗಿಲಲ್ಲೂ ಅದೇ ಕೂಗು ಎದ್ದು, ಅದೇ ಹೆಂಗಸರು ಓಡಿ ಬಂದು, ಅವರು ಮಾತ್ರ ತಲೆ ತಗ್ಗಿಸಿ ಕೂಗು ಒಂದಿಷ್ಟು ಇಳಿಯುವ ತನಕ ನಿಂತು, ಮುಂದಿನ ಬಾಗಿಲಿಗೆ. ಯಾವ ಮನೆಯಿಂದಲೂ ಅವಸರದಲ್ಲಿ ಹೊರಡಲಿಲ್ಲ. ಒಂದು ಕಡೆ ಅಜ್ಜಿಯೊಬ್ಬಳಿಗೆ ನೀರು ಕುಡಿಸಿದರು.

ಕೊನೆಗೆ ಅಕ್ಕನ ಬೀದಿಯ ಮೊದಲಿಗೆ ಬಂದಾಗ ಎದುರಿನಿಂದ ಒಬ್ಬ ಚುರುಕಾದ ಯುವಕ ಬರುತ್ತಿದ್ದ. ಮದರಾಸಿನ ಪೇಪರಿನವನು. ಚಹಾ ಕೋಣೆಯಿಂದ ತಪ್ಪಿಸಿಕೊಂಡು ಆಸ್ಪತ್ರೆಗೆ ಹೋಗಿ, ಅಲ್ಲಿ ಯಾರನ್ನೋ ಹಿಡಿದು ಹೆಸರು, ಲೈನಿನ ನಂಬರು ತಿಳಿದುಕೊಂಡಿದ್ದ. ಕಂಕುಳಲ್ಲಿ ಕಟ್ಟು ಹಾಕಿದ ಒಂದು ಫೋಟೋ ಇತ್ತು. ಬಂಗಾರಪೇಟೆಯ ಸ್ಟುಡಿಯೋದಲ್ಲಿ ಮುನಿರಾಜು ಕುರ್ಚಿಯ ಮೇಲೆ ಕೈಯೂರಿ ನಿಂತು ತೆಗೆಸಿಕೊಂಡಿದ್ದ ಫೋಟೋ.

"ಅಮ್ಮಾವೇ ಕೊಡುತ್ತಾಂಗ, ಸಾರ್," ಎಂದ. ತಾಯಿಯೇ ಕೊಟ್ಟರು ಎಂದು. ಅವನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಮನೆಯವರಿಗೆ ಆಗಲೇ ಗೊತ್ತಿದೆ ಎಂದುಕೊಂಡಿದ್ದ.

ಆಮೇಲೆ ಪಕ್ಕದ ಮನೆಯವಳು ನನಗೆ ಹೇಳಿದಳು. ಪೇಪರಿಗೆ ಹಾಕಲು ಫೋಟೋ ಬೇಕು ಎಂದಾಗ ವೆಂಕಟಮ್ಮ ಮಗ ಬದುಕಿ ಬಂದ, ಅದಕ್ಕೇ ಫೋಟೋ ಕೇಳುತ್ತಿದ್ದಾರೆ ಎಂದುಕೊಂಡಳಂತೆ. ಗೋಡೆಯಿಂದ ತೆಗೆದು, ಸೆರಗಿನಲ್ಲಿ ಗಾಜು ಒರೆಸಿ ಕೊಟ್ಟಳಂತೆ. ಕೊಟ್ಟ ಮೇಲೆ, "ಮೇಲಕ್ ಬಂದ್ನಾ? ಉಷಾರಾಗವ್ನಾ?" ಎಂದು ಕೇಳಿದಳಂತೆ. ಆ ಕನ್ನಡ ಅರ್ಥವಾಗದ ಅವನು ಕೈಮುಗಿದು ತಲೆ ತಗ್ಗಿಸಿ ಹೊರಟಾಗ ಅವಳಿಗೆ ತಿಳಿಯಿತಂತೆ.

ಇವರು ಆ ಯುವಕನನ್ನು ಬೈಯಲಿಲ್ಲ. "ಅದನ್ನ ಕೊಟ್ಬಿಡಪ್ಪ, ಇರೋದು ಒಂದೇ" ಎಂದು ಕೈ ಚಾಚಿದರು. ಅವನು ಇವರ ಮುಖ ನೋಡಿ ಮಾತಿಲ್ಲದೆ ಕೊಟ್ಟ. ಆ ಫೋಟೋ ಹಿಡಿದುಕೊಂಡು ಇವರು ಅಕ್ಕನ ಬಾಗಿಲಿಗೆ ಹೋದರು. ಅವಳು ಹೊಸಿಲ ಮೇಲೆಯೇ ನಿಂತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ. ಫೋಟೋ ಇಸಿದುಕೊಂಡಳು.

"ಊರ್ಗೆಲ್ಲ ಯೋಳ್ಕಂಡ್ ಬಂದ್ಯೇನ್ಲಾ? ನಂಗ್ ಯೋಳಾಕೆ ಏನೂ ಉಳ್ದಿಲ್ಲ. ಓಗು."

ಬಾಗಿಲು ಹಾಕಿಕೊಂಡಳು. ಇವರು ಮುಚ್ಚಿದ ಬಾಗಿಲ ಮುಂದೆ, ಬೇರೆ ಮನೆಗಳ ಮುಂದೆ ನಿಂತ ಹಾಗೆಯೇ ತಲೆ ತಗ್ಗಿಸಿ ನಿಂತರು. ಆಮೇಲೆ ಆಫೀಸಿಗೆ ಹೋಗಿ ಪತ್ರಿಕೆಯವರಿಗೆ ಹೆಸರುಗಳನ್ನು ಓದಿದರು. ಓದುವಾಗ ದನಿ ನಡುಗಲಿಲ್ಲ. ಅದನ್ನು ಮೆಚ್ಚಿಕೊಂಡು ಬೆಂಗಳೂರಿನವರು ಯಾರೋ ಒಂದು ಸಾಲು ಬರೆದರು.

ಅದಾದ ಮೇಲೆ ವೆಂಕಟಮ್ಮ ಲೈನಿನ ಮನೆ ಬಿಟ್ಟು ಬೇತಮಂಗಲದಲ್ಲಿ ಮೈದುನನ ಮನೆ ಸೇರಿದಳು. ಇವರು ಇನ್ನೂ ಕೆಲವು ವರ್ಷ ಅದೇ ಕೆಲಸ ಮಾಡಿದರು. ಪ್ರತಿ ಯುಗಾದಿಗೆ ಒಂದು ಸೀರೆ ತಗೊಂಡು ಬಸ್ಸು ಹತ್ತುತ್ತಿದ್ದರು. ಮೈದುನನ ಹೆಂಡತಿ ಇಸಿದುಕೊಳ್ಳುತ್ತಿದ್ದಳು, ಅಕ್ಕ ಒಳಗಿನ ಕೋಣೆಯಿಂದ ಬರುತ್ತಿರಲಿಲ್ಲ. ಕೊಟ್ಟ ಸೀರೆಯನ್ನು ಅವಳು ಉಡುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯವೂ ಅವರಿಗಾಗಲಿಲ್ಲ. ನಿವೃತ್ತರಾಗಿ ಹೆಂಡತಿಯೊಡನೆ ಬಂಗಾರಪೇಟೆಯಲ್ಲಿ ಮನೆ ಮಾಡಿದ ಮೇಲೆ ದಿನಾ ಬೆಳಿಗ್ಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಪೇಪರು ಓದುತ್ತಿರಲಿಲ್ಲ, ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ರೈಲು ನೋಡುತ್ತಿದ್ದರು.

ಒಂದು ದಿನ ನಾನು ಕೇಳದೆಯೇ ಹೇಳಿದರು.

"ಅಕ್ಕನ ಮನೆಗೆ ಕೊನೇಗೆ ಓಗಿದ್ದು ನ್ಯಾಯ ಅಂತ ನೀವೆಲ್ಲ ಅಂದ್ಕಂಡ್ರಿ."

"ನೀವೇ ತಾನೆ ಹಾಗಂದದ್ದು?"

"ಅಂದೆ. ನ್ಯಾಯಾನೂ ಇಲ್ಲ, ಏನೂ ಇಲ್ಲ ಏಜೆಂಟ್ರೇ. ಕಾಲು ಬರ್ಲಿಲ್ಲ. ಆ ಬೀದಿ ಮುಂದೆ ಬಂದ್ರೆ ಕಾಲೇ ಎತ್ತಾಕಾಗ್ಲಿಲ್ಲ. ಬೇರೆಯೋರ ಮನೇಗೆ ಓಗೋದು ಸಲೀಸು ಅನ್ನಿಸ್ತು, ನೋಡಿ. ಅಷ್ಟು ಮನೆ ಸಾವು ನನಗೆ ಸಲೀಸು ಅನ್ನಿಸ್ತು."

ನಾನು ಚಹಾ ತರಿಸಿದೆ. ಕುಡಿದು ಹೋದರು.

ಅವರು ಸತ್ತದ್ದು ಹೋದ ವರ್ಷ, ಒಂದು ಬೆಳಿಗ್ಗೆ, ಮನೆಯ ಜಗಲಿಯ ಮೇಲೆ. ನಾನು ಹೋದಾಗ ನೆಂಟರು, ಗಣಿಯ ಹಳೆಯ ಮೇಸ್ತ್ರಿಗಳು, ಆಗಲೇ ಸೇರಿದ್ದರು. ಬೇತಮಂಗಲಕ್ಕೆ ಯಾರು ಹೋಗುತ್ತೀರಿ ಎಂದು ಅವರ ಹೆಂಡತಿ ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಕೆಲಸಕ್ಕೆ ಹೋಗುತ್ತಿದ್ದ ಮನುಷ್ಯ ಅಲ್ಲಿ ಮಲಗಿದ್ದರು. ಬೆಂಗಳೂರಿನ ಪೇಪರ್ ಆಫೀಸಿಗೂ ಹೇಗೋ ಗೊತ್ತಾಗಿ, ನಾಳೆಯ ಪೇಪರಿಗೆ ಹತ್ತು ಸಾಲು ಬೇಕು, ಬೇಗ ಹೇಳು ಎಂದು ನನ್ನ ಅಂಗಡಿಗೆ ಫೋನು ಮಾಡಿದ್ದರು. ಬಂದು ಹೇಳುತ್ತೇನೆ ಎಂದು ನಾನೇ ಬೇತಮಂಗಲದ ಬಸ್ಸು ಹತ್ತಿದೆ.

ವೆಂಕಟಮ್ಮ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ತುಂಬ ಮುದುಕಿಯಾಗಿದ್ದಳು. ನನ್ನನ್ನು ಗುರುತು ಹಿಡಿದು, ಮೊರ ಕೆಳಗಿಟ್ಟು, ನಾನು ಬಾಯಿ ತೆಗೆಯುವ ತನಕ ಕಾದಳು. ನಿಮ್ಮ ತಮ್ಮ ಹೋಗಿಬಿಟ್ಟರು ಎಂದೆ. ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಬರಲಿಲ್ಲ. ಆ ಕೆಲಸವನ್ನು ಅವರು ಅಷ್ಟು ವರ್ಷ ಹೇಗೆ ಮಾಡಿದರೋ.

ಅವಳು ಅಳಲಿಲ್ಲ. ಮೊರದ ಅಂಚಿಗೆ ಬಂದ ರಾಗಿಯನ್ನು ಒಳಗೆ ಸರಿಸಿ ಕೇಳಿದಳು:

"ಪೇಪರ್ನಾಗೆ ಬಂದೈತಾ?"

"ಇಲ್ಲಮ್ಮ. ಸಂಜೆ ಫೋನು ಮಾಡಬೇಕು. ನಾಳೆ ಬರುತ್ತೆ."

"ಇಲ್ಲಿ ಯಾರ್ಗಾನ ಯೋಳ್ದಾ? ಬಸ್ನಾಗೆ, ಬೀದ್ಯಾಗೆ?"

"ಯಾರಿಗೂ ಹೇಳಿಲ್ಲ. ನೇರ ನಿಮ್ಮ ಹತ್ತಿರವೇ ಬಂದೆ."

ತಲೆಯಾಡಿಸಿದಳು. ನೆಲ ಒರೆಸಿ ನನಗೆ ಕೂರಲು ಜಾಗ ತೋರಿಸಿದಳು. ಹೊರಡೋಣ, ಮಣ್ಣಿಗೆ ಹೊತ್ತಾಗುತ್ತದೆ, ಬಸ್ಸು ಬರುತ್ತದೆ ಎಂದೆ.

"ಬತ್ತೀನಿ, ಬರ್ದೆ ಇರ್ತೀನಾ? ಒಂದ್ ಗಳಿಗೆ ಕೂತ್ಕ, ಮುಂದಿನ್ ಬಸ್ಗೆ ಓಗಾನ," ಎಂದಳು. "ಪೇಪರ್ನೋರ್ಗೆ ನಾಳೀಕೆ ಯೋಳಪ್ಪ. ಇವತ್ತೊಂದಿನ ಅವ್ನು ನನ್ ತಮ್ಮ ಆಗೇ ಇರ್ಲಿ."

ಆಗ ಅವಳಿಗೆ ಅಳು ಬಂತು. ನಾನು ಕೂತೆ. ಕೆರೆಯ ಕಡೆಯಿಂದ ಬಸ್ಸು ಬಂದು, ನಿಂತು, ಹೋಯಿತು. ಆ ದಿನ ನಾನು ಬೆಂಗಳೂರಿಗೆ ಫೋನು ಮಾಡಲಿಲ್ಲ.